ಸೈನ್ ಮಾಡಿದ್ದೀಯಲ್ಲ, ಮತ್ತೇನು?

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಿನ ಯಾವ ಮಾಲ್‌ಗೆ ಹೋದರೂ ‘ಲಾಸ್ಟ್ ಕ್ರಿಸ್‌ಮಸ್’ ಹಾಡಿನಿಂದ ತಪ್ಪಿಸಿಕೊಳ್ಳೋಕಾಗಲ್ಲ. ಲಿಫ್ಟ್‌ನಲ್ಲೂ ಅದೇ, ಫುಡ್ ಕೋರ್ಟ್‌ನಲ್ಲೂ ಅದೇ. 1984ರ ಹಾಡು. ಬರೆದು ಹಾಡಿದವನು ಜಾರ್ಜ್ ಮೈಕಲ್, ಆಗ ಅವನಿಗೆ 21 ವರ್ಷ. ಈ ದನಿಯನ್ನು ಗುರುತು ಹಿಡಿಯುವ ನಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಈ ದನಿ ಯಾರಿಗಾಗಿ ಹಾಡಬೇಕು, ಎಷ್ಟು ವರ್ಷ ಹಾಡಬೇಕು ಅಂತ ಲಂಡನ್ನಿನ ಹೈಕೋರ್ಟಿನಲ್ಲಿ ತಿಂಗಳುಗಟ್ಟಲೆ ವಾದ ನಡೆದಿತ್ತು. ಒಂದು ಕಡೆ ಅವನು, ಇನ್ನೊಂದು ಕಡೆ ಅವನದೇ ರೆಕಾರ್ಡ್ ಕಂಪನಿ ಸೋನಿ. ಅವನು ಸೋತ.

ಸೋತಿದ್ದು ಕಾನೂನಿನ ಲೆಕ್ಕದಲ್ಲಿ ಸರಿಯಾಗೇ ಇತ್ತು ಅಂತ ನನಗೆ ಅನ್ನಿಸುತ್ತೆ. ಅವನು ಎತ್ತಿದ ಪ್ರಶ್ನೆ ಮಾತ್ರ ಇನ್ನೂ ಹಾಗೇ ಉಳಿದಿದೆ ಅಂತಲೂ ಅನ್ನಿಸುತ್ತೆ. ಎರಡನ್ನೂ ಒಟ್ಟಿಗೆ ನಂಬೋದಕ್ಕೆ ಆಗುತ್ತಾ ಅಂತ ನೋಡೋಣ.

ಕಥೆ ಶುರುವಾಗೋದು 1982ರಲ್ಲಿ. ಸೈಪ್ರಸ್‌ನಿಂದ ವಲಸೆ ಬಂದು ಲಂಡನ್ನಿನಲ್ಲಿ ರೆಸ್ಟೋರೆಂಟ್ ನಡೆಸುತ್ತಿದ್ದ ಗ್ರೀಕ್ ಅಪ್ಪನ ಮಗ ಅವನು. ನಿಜವಾದ ಹೆಸರು ಜಾರ್ಜಿಯೋಸ್ ಕಿರಿಯಾಕೋಸ್ ಪನಾಯೊಟೂ. ಸ್ಕೂಲ್ ಗೆಳೆಯ ಆಂಡ್ರ್ಯೂ ರಿಜ್ಲೀ ಜೊತೆ ಸೇರಿ ‘ವ್ಯಾಮ್’ ಅಂತ ಹೆಸರಿಟ್ಟುಕೊಂಡು ಹಾಡು ಮಾಡುತ್ತಿದ್ದ. ಇನ್ನರ್‌ವಿಷನ್ ಅನ್ನೋ ಪುಟ್ಟ ಕಂಪನಿಯೊಂದು ಕಾಗದ ಮುಂದಿಟ್ಟಿತು, ಇಬ್ಬರೂ ಸೈನ್ ಮಾಡಿದರು. ತಲೆಗೆ 500 ಪೌಂಡ್ ಮುಂಗಡ, ಅದೂ ಮುಂದೆ ಬರುವ ರಾಯಲ್ಟಿಯಲ್ಲಿ ಮುರಿದುಕೊಳ್ಳುವ ದುಡ್ಡು. ಜಾರ್ಜ್‌ಗೆ ಆಗ 18 ವರ್ಷ. ಮುಂದಿನ ವರ್ಷವೇ ಅವರ ಮೊದಲ ಆಲ್ಬಮ್ ಇಂಗ್ಲೆಂಡಿನಲ್ಲಿ ನಂಬರ್ ಒನ್ ಆಯಿತು. ಜೇಬಿನಲ್ಲಿ ಮಾತ್ರ ಏನೂ ಇರಲಿಲ್ಲ. ಜಗಳ ಶುರುವಾಯಿತು, ವಕೀಲರು ಬಂದರು, 1984ರಲ್ಲಿ ರಾಜಿ ಆಯಿತು. ಚಿಕ್ಕ ಕಂಪನಿಯಿಂದ ಬಿಡಿಸಿಕೊಂಡು ಅದರ ಹಿಂದಿದ್ದ ದೊಡ್ಡ ಕಂಪನಿ ಸಿಬಿಎಸ್ ಜೊತೆ ನೇರವಾಗಿ ಹೊಸ ಒಪ್ಪಂದ.

ಆಮೇಲೆ ‘ಫೇತ್’ ಬಂತು, 1987ರಲ್ಲಿ. ಒಬ್ಬನೇ ಹಾಡಿದ ಮೊದಲ ಆಲ್ಬಮ್, ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. 1988ರಲ್ಲಿ ಅದೇ ಯಶಸ್ಸನ್ನು ತೋರಿಸಿ ಒಪ್ಪಂದವನ್ನು ಮತ್ತೆ ಬರೆಸಿಕೊಂಡ. ಈ ಸಲ ಷರತ್ತುಗಳು ಚೆನ್ನಾಗಿದ್ದವು, ದುಡ್ಡು ಭರ್ತಿ ಇತ್ತು. ಬದಲಿಗೆ 8 ಆಲ್ಬಮ್‌ವರೆಗೆ, ಹೆಚ್ಚೆಂದರೆ 15 ವರ್ಷ, ಅವನ ಹಾಡುಗಾರಿಕೆ ಕಂಪನಿಗೆ. ಅದೇ ಹೊತ್ತಿಗೆ ಜಪಾನಿನ ಸೋನಿ ಕಂಪನಿ 200 ಕೋಟಿ ಡಾಲರ್ ಕೊಟ್ಟು ಸಿಬಿಎಸ್‌ನ ರೆಕಾರ್ಡ್ ವಿಭಾಗವನ್ನು ಪೂರ್ತಿ ಕೊಂಡುಕೊಂಡಿತು. ರಾತ್ರಿ ಮಲಗುವಾಗ ಒಂದು ಕಂಪನಿಯ ಐಡಿ ಕಾರ್ಡ್, ಬೆಳಗ್ಗೆ ಎದ್ದಾಗ ಇನ್ನೊಂದು ಕಂಪನಿಯದು ಅನ್ನೋ ಅನುಭವ ಇದನ್ನು ಓದುತ್ತಿರುವ ಕೆಲವರಿಗಾದರೂ ಇರುತ್ತೆ. ಅವನ ದೂರುಗಳಲ್ಲಿ ಇದೂ ಒಂದಾಗಿತ್ತು. ತಾನು ಹುಡುಗನಾಗಿದ್ದಾಗ ಹೆಮ್ಮೆಯಿಂದ ಸೇರಿದ್ದು ಸಂಗೀತದ ಕಂಪನಿಗೆ, ಈಗ ಇರೋದು ಎಲೆಕ್ಟ್ರಾನಿಕ್ಸ್ ಕಂಪನಿಯ ಉತ್ಪಾದನಾ ಸಾಲಿನ ಒಂದು ಮೂಲೆಯಲ್ಲಿ, ಅನ್ನೋ ಅರ್ಥದ ಮಾತನ್ನು ಅವನು ಆಡಿದ್ದ.

ಆದರೆ ನಿಜವಾದ ಬಿರುಕು ಬಿಟ್ಟಿದ್ದು ಅವನ ಮುಖದ ವಿಷಯಕ್ಕೆ. ‘ಫೇತ್’ ಹೊತ್ತಿನ ಜಾರ್ಜ್ ನೆನಪಿದೆಯಾ? ಕುರುಚಲು ಗಡ್ಡ, ಲೆದರ್ ಜಾಕೆಟ್, ಕೈಯಲ್ಲಿ ಗಿಟಾರ್. ಆ ರೂಪ ಅವನಿಗೇ ಸಾಕಾಗಿತ್ತು. 1990ರ ‘ಲಿಸನ್ ವಿದೌಟ್ ಪ್ರೆಜುಡಿಸ್’ ಆಲ್ಬಮ್‌ನ ಕವರ್ ಮೇಲೆ ಅವನ ಮುಖವೇ ಇಲ್ಲ, ಸಮುದ್ರ ತೀರದಲ್ಲಿ ಕಿಕ್ಕಿರಿದ ಜನರ ಹಳೇ ಫೋಟೊ ಒಂದಿದೆ. ವಿಡಿಯೊಗಳಲ್ಲಿ ಕಾಣಿಸಿಕೊಳ್ಳಲ್ಲ ಅಂದ. ‘ಫ್ರೀಡಂ’ ಹಾಡಿನ ವಿಡಿಯೊ ಮಾಡಿದ ಡೇವಿಡ್ ಫಿಂಚರ್ ಸೂಪರ್ ಮಾಡೆಲ್‌ಗಳ ಕೈಲಿ ತುಟಿ ಆಡಿಸಿದರು, ಅದರಲ್ಲಿ ಆ ಪ್ರಸಿದ್ಧ ಲೆದರ್ ಜಾಕೆಟ್ಟಿಗೆ ಬೆಂಕಿ ಬೀಳುತ್ತೆ. ಖ್ಯಾತಿ ಬೇಡ ಅನ್ನೋ ಅವನ ಸಂದರ್ಶನ ಓದಿ ಮುದುಕ ಫ್ರಾಂಕ್ ಸಿನಾತ್ರಾ ಪತ್ರಿಕೆಗೆ ಬಹಿರಂಗ ಪತ್ರ ಬರೆದು, ಸುಮ್ಮನೆ ಗೊಣಗಬೇಡ, ಬಂದ ಭಾಗ್ಯವನ್ನು ಅನುಭವಿಸು ಅಂತ ಗದರಿಸಿದರು. ಹೊಸ ಆಲ್ಬಮ್ ಅಮೆರಿಕದಲ್ಲಿ ‘ಫೇತ್’ನಷ್ಟು ಮಾರಾಟವಾಗಲಿಲ್ಲ. ಕಂಪನಿ ಬೇಕೂಂತಲೇ ಪ್ರಚಾರ ಮಾಡಲಿಲ್ಲ ಅಂತ ಅವನು, ಮುಖ ತೋರಿಸದವನನ್ನು ಮಾರೋದು ಹೇಗೆ ಅಂತ ಅವರು.

1992ರ ಅಕ್ಟೋಬರ್‌ನಲ್ಲಿ ಕೇಸ್ ಹಾಕಿದ. ಇದು ವೃತ್ತಿಯ ಗುಲಾಮಗಿರಿ ಅಂದ. ಒಂದು ವರ್ಷದ ನಂತರ ವಿಚಾರಣೆ ಶುರುವಾಗಿ, 1994ರ ಜೂನ್ 21ರಂದು ನ್ಯಾಯಮೂರ್ತಿ ಜೊನಾಥನ್ ಪಾರ್ಕರ್ ತೀರ್ಪು ಕೊಟ್ಟರು. ಅವನ ವಾದಗಳಲ್ಲಿ ಒಂದೂ ನಿಲ್ಲಲಿಲ್ಲ.

ಇಲ್ಲಿಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬರೋ ಮಾತು ಒಂದೇ: ಸೈನ್ ಮಾಡಿದ್ದೀಯಲ್ಲ, ಮತ್ತೇನು?

ಈ ಮಾತು ಸಣ್ಣದಲ್ಲ. ಇದರ ಹಿಂದೆ ಒಂದು ಸಂಸ್ಕೃತಿಯೇ ಇದೆ. ನಾವು ಪುಣ್ಯಕೋಟಿ ಹಾಡು ಕೇಳಿ ಅತ್ತು ಬೆಳೆದ ಮಕ್ಕಳು. ಮಾತು ಕೊಟ್ಟ ಹಸು ಕರುವಿಗೆ ಹಾಲೂಡಿಸಿ ಹುಲಿಯ ಹತ್ತಿರ ವಾಪಸ್ ಹೋಗುತ್ತೆ. ಹರಿಶ್ಚಂದ್ರ ಹೆಂಡತಿ ಮಕ್ಕಳನ್ನು ಮಾರಿಯಾದರೂ ಮಾತು ಉಳಿಸಿಕೊಳ್ಳುತ್ತಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನೋ ಗಾದೆ ಗೊತ್ತಿಲ್ಲದ ಕನ್ನಡದ ಮನೆ ಇಲ್ಲ. ಆದರೆ ಪುಣ್ಯಕೋಟಿಯ ಕಥೆಯಲ್ಲಿ ನಾವು ಕೇಳದೇ ಬಿಟ್ಟಿರೋ ಒಂದು ಪ್ರಶ್ನೆ ಇದೆ. ಹುಲಿಯ ಬಾಯಿಯ ಮುಂದೆ ನಿಂತು ಕೊಟ್ಟ ಮಾತು ಮಾತಾಗುತ್ತಾ? ಹಸುವಿನ ದೊಡ್ಡತನ ಇರೋದೇ ಆ ಮಾತನ್ನು ಉಳಿಸಿಕೊಳ್ಳೋ ಬಾಧ್ಯತೆ ಅದಕ್ಕೆ ಇರಲಿಲ್ಲ ಅನ್ನೋದರಲ್ಲಿ. ಹಾಗಂತ ಹುಲಿಗೆ ಆ ಮಾತಿನ ಮೇಲೆ ಹಕ್ಕು ಹುಟ್ಟುತ್ತಾ? ಹುಲಿಗೇ ಹಾಗನ್ನಿಸಲಿಲ್ಲ, ಅದಕ್ಕೇ ಅದು ಬಂಡೆಯಿಂದ ಹಾರಿಕೊಂಡಿತು. ಮಾತು ಉಳಿಸಿಕೊಳ್ಳೋದು ಸದ್ಗುಣ ಅನ್ನೋದು ಒಂದು, ಮಾತಿನ ಹೆಸರಲ್ಲಿ ಹಿಡಿದಿಟ್ಟುಕೊಳ್ಳೋ ಹಕ್ಕು ಇನ್ನೊಂದು. ನಮ್ಮ ಕಥೆಗಳು ಮೊದಲನೆಯದನ್ನು ಅದ್ಭುತವಾಗಿ ಕಲಿಸಿದವು. ಎರಡನೆಯದರ ಬಗ್ಗೆ ನಾವು ಯೋಚಿಸಿದ್ದು ಕಡಿಮೆ.

ಇಂಗ್ಲೆಂಡಿನ ಕೋರ್ಟುಗಳು ಈ ಎರಡನೆಯದರ ಬಗ್ಗೆ ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದವು, ಅದೂ ಹಾಡುವವರ ವಿಷಯದಲ್ಲೇ. 1852ರಲ್ಲಿ ಯೋಹಾನ್ನಾ ವಾಗ್ನರ್ ಅನ್ನೋ ಗಾಯಕಿ (ಸಂಗೀತಗಾರ ರಿಚರ್ಡ್ ವಾಗ್ನರ್‌ಗೆ ಅಣ್ಣನ ಮಗಳಾಗಬೇಕು) ಲಂಡನ್ನಿನ ಒಂದು ಥಿಯೇಟರಿನಲ್ಲಿ ಮೂರು ತಿಂಗಳು ಹಾಡ್ತೀನಿ ಅಂತ ಒಪ್ಪಿ, ಹೆಚ್ಚು ದುಡ್ಡು ಕೊಡ್ತೀವಿ ಅಂದ ಇನ್ನೊಂದು ಥಿಯೇಟರಿಗೆ ಹೊರಟರು. ಕೋರ್ಟ್ ಹೇಳಿದ್ದು ಇಷ್ಟು: ನಿನ್ನನ್ನು ಇಲ್ಲೇ ಹಾಡು ಅಂತ ಬಲವಂತ ಮಾಡೋಕೆ ನಮ್ಮಿಂದ ಆಗಲ್ಲ, ಆದರೆ ಬೇರೆ ಕಡೆ ಹಾಡಬೇಡ ಅಂತ ತಡೆಯಬಹುದು. ಈ ತತ್ವ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಭಾರತದ 1877ರ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್‌ನಲ್ಲಿ ಇದನ್ನು ವಿವರಿಸೋಕೆ ಕೊಟ್ಟ ಉದಾಹರಣೆಯೂ ಒಬ್ಬ ಗಾಯಕನದೇ, ಒಂದು ವರ್ಷ ಒಂದೇ ಥಿಯೇಟರಿನಲ್ಲಿ ಹಾಡ್ತೀನಿ ಅಂತ ಒಪ್ಪಿದವನದು. ಕಾನೂನು ಬರೆಯೋರಿಗೆ ಗಾಯಕರ ಮೇಲೆ ಅದೇನು ಕಣ್ಣೋ.

ಹಾಡು ಅಂತ ಬಲವಂತ ಇಲ್ಲ, ಬೇರೆಯವರಿಗೆ ಹಾಡಬೇಡ ಅಷ್ಟೇ. ಕೇಳೋಕೆ ಎಷ್ಟು ಸೌಮ್ಯವಾಗಿದೆ ನೋಡಿ. ಮೂರು ತಿಂಗಳಿಗಾದರೆ ಸೌಮ್ಯವೇ. 15 ವರ್ಷಕ್ಕೆ ಅದನ್ನು ಹಿಗ್ಗಿಸಿದಾಗ ಏನಾಗುತ್ತೆ? ಹಾಡುವವನಿಗೆ ಹಾಡದೇ ಇರೋದು ಅಂದ್ರೆ ರಜೆ ಅಲ್ಲ. ದನಿಗೂ ವಯಸ್ಸಾಗುತ್ತೆ, ಕೇಳುವವರಿಗೂ ವಯಸ್ಸಾಗುತ್ತೆ.

1974ರ ಇನ್ನೊಂದು ಕೇಸು ಬೇರೆ ದಿಕ್ಕಿಗೆ ಹೋಯಿತು. ಟೋನಿ ಮೆಕಾಲೆ ಅನ್ನೋ ಹಾಡು ಬರೆಯುವವನು 21ನೇ ವಯಸ್ಸಿನಲ್ಲಿ ಒಂದು ಪ್ರಕಾಶನ ಸಂಸ್ಥೆಗೆ ಸೈನ್ ಮಾಡಿದ್ದ. ಮುಂಗಡ 50 ಪೌಂಡ್. 5 ವರ್ಷ ಅವನು ಬರೆದ ಪ್ರತಿಯೊಂದೂ ಅವರದ್ದು. ಹಾಡು ಹಿಟ್ ಆಗಿ ರಾಯಲ್ಟಿ ಒಂದು ಮಟ್ಟ ದಾಟಿದರೆ ಒಪ್ಪಂದ ತಾನೇ ತಾನಾಗಿ ಇನ್ನೂ 5 ವರ್ಷ ಮುಂದುವರಿಯುತ್ತೆ. ಅಂದ್ರೆ ಗೆದ್ದರೆ ಶಿಕ್ಷೆ. ಅವರು ಮಾತ್ರ ಒಂದು ಹಾಡನ್ನೂ ಪ್ರಕಟಿಸಲೇಬೇಕು ಅಂತಿಲ್ಲ. ಅವರು ಒಂದು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು, ಅವನು ಹೊರಡೋ ಹಾಗಿಲ್ಲ. ಹೌಸ್ ಆಫ್ ಲಾರ್ಡ್ಸ್ ಈ ಒಪ್ಪಂದ ನಡೆಯಲ್ಲ ಅಂತ ಹೇಳಿತು. ದುಡ್ಡು ಕಡಿಮೆ ಆಯಿತು ಅನ್ನೋದು ಅಲ್ಲಿ ಮುಖ್ಯ ಕಾರಣ ಆಗಿರಲಿಲ್ಲ. ಕಟ್ಟು ಒಂದೇ ಕಡೆಗೆ ಬಿಗಿದಿದೆ, ಬರೆಯುವವನ ಕೆಲಸವನ್ನು ಬೀರುವಿನಲ್ಲಿಟ್ಟು ಬೀಗ ಹಾಕೋ ಅಧಿಕಾರ ಆ ಕಡೆಯವರ ಕೈಲಿದೆ ಅನ್ನೋದು ಅವರ ಕಣ್ಣಿಗೆ ಬಿತ್ತು.

ಹಾಗಾದರೆ ಮೆಕಾಲೆ ಗೆದ್ದಿದ್ದನ್ನು ಜಾರ್ಜ್ ಯಾಕೆ ಸೋತ? ಯಾಕಂದ್ರೆ ಅವನು 1988ರಲ್ಲಿ ಬಡಪಾಯಿ ಆಗಿರಲಿಲ್ಲ. ಇನ್ನರ್‌ವಿಷನ್ ಕಾಗದದ ವಿರುದ್ಧ ಕೋರ್ಟಿಗೆ ಹೋಗಿ ಕೊನೆಯವರೆಗೂ ಹೋರಾಡಿದ್ದರೆ ಗೆಲ್ಲುತ್ತಿದ್ದನೇನೋ. ಅಲ್ಲಿ ಅವನು ರಾಜಿ ಮಾಡಿಕೊಂಡ. 1988ರ ಒಪ್ಪಂದ ಆ ರಾಜಿಯ ಬೇರಿನಿಂದಲೇ ಚಿಗುರಿದ್ದು. ರಾಜಿಗಳನ್ನು ಹತ್ತು ವರ್ಷ ಬಿಟ್ಟು ಬಿಚ್ಚೋಕೆ ಬಿಟ್ಟರೆ ಯಾರೂ ರಾಜಿಯೇ ಮಾಡಿಕೊಳ್ಳಲ್ಲ ಅನ್ನೋದು ನ್ಯಾಯಮೂರ್ತಿಯ ಒಂದು ಕಾರಣ. ಪಕ್ಕದಲ್ಲಿ ಪಳಗಿದ ವಕೀಲರಿದ್ದರು, ಒಳ್ಳೆಯ ಷರತ್ತುಗಳನ್ನೇ ಬರೆಸಿಕೊಂಡ, ಆಮೇಲೂ ಅದೇ ಒಪ್ಪಂದದ ಕೆಳಗೆ ಮುಂಗಡ ಕೇಳಿ ಪಡೆದ, ಇದು ಇನ್ನೊಂದು. ಎರಡೂ ಗಟ್ಟಿ ಕಾರಣಗಳೇ. ಒಪ್ಪಂದದ ದುಡ್ಡನ್ನು ಒಂದು ಕೈಲಿ ತಗೊಂಡು ಇನ್ನೊಂದು ಕೈಲಿ ಒಪ್ಪಂದವೇ ಅಲ್ಲ ಅನ್ನೋದು ಯಾವ ಊರಿನ ಪಂಚಾಯಿತಿಯಲ್ಲೂ ನಿಲ್ಲಲ್ಲ.

ಕಂಪನಿಯ ಕಡೆಯ ವಾದವನ್ನೂ ನಾನು ಹಗುರವಾಗಿ ತಳ್ಳಲ್ಲ. ಧ್ವನಿಮುದ್ರಣದ ವ್ಯಾಪಾರದಲ್ಲಿ ಬಹುಪಾಲು ಹೊಸಬರು ಮುಳುಗ್ತಾರೆ. ಮೇಲೆದ್ದ ಒಬ್ಬಿಬ್ಬರ ದುಡ್ಡಿನಿಂದಲೇ ಮುಳುಗಿದವರ ಸಾಲ ತೀರಬೇಕು. ಗೆದ್ದ ಕೂಡಲೇ ಹೊರಟುಬಿಡೋ ಹಾಗಿದ್ದರೆ, ಇನ್ನೂ ಏನೂ ಆಗಿಲ್ಲದ 18ರ ಹುಡುಗನ ಮೇಲೆ ದುಡ್ಡು ಹಾಕೋ ಧೈರ್ಯ ಯಾರು ಮಾಡ್ತಾರೆ? ಮುಂದಿನ ಹುಡುಗನಿಗೆ ಬಾಗಿಲು ತೆರೆದಿರಬೇಕಾದರೆ ಇವತ್ತು ಗೆದ್ದವನು ಕಟ್ಟಿಗೆ ಬದ್ಧನಾಗಿರಬೇಕು. ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡೋರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ವಾದ ಏನನ್ನು ಸಮರ್ಥಿಸುತ್ತೆ ಅಂತ ನಿಧಾನವಾಗಿ ನೋಡಿ. ಅಪಾಯ ಹೊತ್ತವರಿಗೆ ದೊಡ್ಡ ಪಾಲು ಸಿಗಬೇಕು ಅನ್ನೋದನ್ನು ಸಮರ್ಥಿಸುತ್ತೆ. ಲಾಭದಲ್ಲಿ 80 ಭಾಗ ತಗೊಳ್ಳಿ, 90 ಭಾಗ ತಗೊಳ್ಳಿ, ಅದು ಚೌಕಾಸಿಯ ವಿಷಯ. ಮನುಷ್ಯನನ್ನೇ ಇಟ್ಟುಕೊಳ್ಳೋದನ್ನು ಅದು ಸಮರ್ಥಿಸಲ್ಲ. ‘ಫೇತ್’ ಒಂದರಿಂದಲೇ ಅವನ ಮೇಲೆ ಹಾಕಿದ ಬಂಡವಾಳ ಎಷ್ಟು ಪಟ್ಟು ವಾಪಸ್ ಬಂದಿರಬೇಡ! ದುಡ್ಡಿನ ಸಾಲ ತೀರಿದ ಮೇಲೂ ಉಳಿಯೋ ಸಾಲ ಯಾವುದು?

ಇಲ್ಲೇ ನಮ್ಮ ಯೋಚನೆ ಎಡವೋದು. ಒಪ್ಪಂದದ ಬಗ್ಗೆ ಯಾರಾದರೂ ದೂರಿದರೆ ದುಡ್ಡು ಸಾಲದು ಅಂತ ಅಳ್ತಿದ್ದಾನೆ ಅಂತಲೇ ತಿಳ್ಕೊಳ್ತೀವಿ. ಕೋಟ್ಯಧಿಪತಿ ದೂರಿದರೆ ನಗ್ತೀವಿ. ಜಾರ್ಜ್ ಕೇಸಿನಲ್ಲಿ ಆದದ್ದೂ ಅದೇ, ಪತ್ರಿಕೆಗಳು ಅವನ ಆಸ್ತಿಯ ಪಟ್ಟಿ ಮಾಡಿದವು. ಬೆಲೆ ಸರಿಯಿದೆಯಾ ಅನ್ನೋದು ಒಂದು ಪ್ರಶ್ನೆ, ಬಾಗಿಲು ಇದೆಯಾ ಅನ್ನೋದು ಬೇರೆಯದೇ ಪ್ರಶ್ನೆ. ಅವನು ಕೇಳಿದ್ದು ಎರಡನೆಯದನ್ನು. 24ರಲ್ಲಿ ನಾನು ಕುಣಿಯೋಕೆ ಒಪ್ಪಿದೆ, 29ರಲ್ಲಿ ನಾನು ಕುಣಿಯೋನಲ್ಲ, ಈಗ ನನ್ನನ್ನು ಬಿಡೋದು ಹೇಗೆ? ಇದಕ್ಕೆ ಎಷ್ಟು ರಾಯಲ್ಟಿ ಜಾಸ್ತಿ ಮಾಡಿದರೂ ಉತ್ತರ ಸಿಗಲ್ಲ.

ಗುಲಾಮಗಿರಿ ಅನ್ನೋ ಪದ ಬಳಸಿದ್ದು ಮಾತ್ರ ನನಗೆ ಇರುಸುಮುರುಸು. ಕನ್ನಡದಲ್ಲಿ ಆ ಪದಕ್ಕೆ ಹತ್ತಿರದ್ದು ಜೀತ, ಮತ್ತು ಜೀತ ಅನ್ನೋದು ನಮಗೆ ರೂಪಕ ಅಲ್ಲ. ಕಾರಂತರ ‘ಚೋಮನ ದುಡಿ’ಯಲ್ಲಿ ಸಾಲ ತೀರಿಸೋಕೆ ಅಂತ ಚೋಮನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗ್ತಾರೆ, ಎಲ್ಲರೂ ವಾಪಸ್ ಬರಲ್ಲ. ಲಂಡನ್ನಿನ ಬಂಗಲೆಯಲ್ಲಿ ಕೂತ ಗಾಯಕ ಅದೇ ಪದ ಎತ್ತಿಕೊಂಡರೆ ಚೋಮನ ಮುಖ ನೋಡೋಕಾಗಲ್ಲ. ಆದರೆ ಜೀತದ ಇತಿಹಾಸದಿಂದ ಒಂದು ಪಾಠ ಇಲ್ಲಿಗೂ ಬರುತ್ತೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕಿತು. ಹೆಬ್ಬೆಟ್ಟು ಒತ್ತಿದ್ದೀಯಲ್ಲ ಅಂತ ಕೇಳಲಿಲ್ಲ. ಅಂದ್ರೆ ಕೆಲವು ಸಂಗತಿಗಳನ್ನು ಬರೆದುಕೊಟ್ಟರೂ ಕೊಟ್ಟ ಹಾಗಾಗಲ್ಲ ಅಂತ ಈ ದೇಶ ಒಮ್ಮೆ ಒಪ್ಪಿಕೊಂಡಿದೆ.

ಒಮ್ಮೆ ಅಲ್ಲ, ಆಮೇಲೂ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು, ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು. ಅಲ್ಲಿಯವರೆಗೆ ಸಿನಿಮಾ ಹಾಡು ಬರೆದವರು, ಸಂಗೀತ ಕೊಟ್ಟವರು ಒಂದು ಮೊತ್ತ ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡೋದು ವಾಡಿಕೆ. ತಿದ್ದುಪಡಿಯ ನಂತರ, ಹಾಡು ಥಿಯೇಟರಿನ ಹೊರಗೆ ಬಳಕೆಯಾದಾಗ ಬರೋ ರಾಯಲ್ಟಿಯಲ್ಲಿ ಅವರ ಪಾಲನ್ನು ಅವರೇ ಬಿಟ್ಟುಕೊಡ್ತೀನಿ ಅಂದ್ರೂ ಬಿಟ್ಟುಕೊಡೋಕಾಗಲ್ಲ. ಗಾಂಧಿನಗರದಲ್ಲಿ ಹಾಡು ಬರೆಯೋ ಹುಡುಗನಿಗೂ ಇದು ಅನ್ವಯಿಸುತ್ತೆ. ಸ್ವಾತಂತ್ರ್ಯವಾದಿ ಗೆಳೆಯರು ಇದನ್ನು ಕೇಳಿದರೆ ಸಿಟ್ಟಾಗ್ತಾರೆ: ನನ್ನದನ್ನು ನಾನು ಮಾರ್ತೀನಿ, ತಡೆಯೋಕೆ ಸರ್ಕಾರ ಯಾರು? ಅದಕ್ಕೆ ನನ್ನ ಉತ್ತರ ಸರಳ. ನೀನು ಮಾರ್ತಿರೋದು ನಿನ್ನದನ್ನಲ್ಲ. ಹತ್ತು ವರ್ಷದ ನಂತರ ಬರೋ ಒಬ್ಬ ಮನುಷ್ಯನದನ್ನು. ಅವನು ನಿನ್ನ ಹೆಸರನ್ನೇ ಇಟ್ಟುಕೊಂಡಿರ್ತಾನೆ, ಅಷ್ಟೇ.

ಇಷ್ಟು ದೂರದ ಮಾತು ಸಾಕು, ಹತ್ತಿರಕ್ಕೆ ಬರೋಣ. ನನ್ನ ಚಿಕ್ಕಮ್ಮನ ಮಗ ಎರಡು ವರ್ಷದ ಹಿಂದೆ ಇಂಜಿನಿಯರಿಂಗ್ ಮುಗಿಸಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಸೇರಿದ. ಎರಡು ವರ್ಷದ ಬಾಂಡ್, ಜೊತೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನೂ ಇಟ್ಟುಕೊಂಡರು. ಟ್ರೈನಿಂಗ್ ಅಂತ ಹೇಳಿದ್ದು ಎರಡು ವಾರದ ವಿಡಿಯೊ. ಎಂಟು ತಿಂಗಳಿಗೆ ಬೇರೆ ಕಡೆ ಒಳ್ಳೇ ಕೆಲಸ ಸಿಕ್ಕಿತು. ನನಗೆ ಫೋನ್ ಮಾಡಿ, “ಅಣ್ಣಾ, ಮಾರ್ಕ್ಸ್ ಕಾರ್ಡ್ ಕೇಳೋಕೂ ನಾಚಿಕೆ ಆಗ್ತಿದೆ, ನಾನೇ ಸೈನ್ ಮಾಡಿದ್ದಲ್ವಾ” ಅಂದ. ಹಿಂದಿನಿಂದ ಚಿಕ್ಕಪ್ಪನ ದನಿ: “ಸೈನ್ ಮಾಡಿದ್ದಾನಲ್ಲಪ್ಪ, ಮತ್ತೇನು? ಎರಡು ವರ್ಷ ಕಣ್ಣು ಮುಚ್ಚಿಕೊಂಡು ಮಾಡಲಿ.” ಚಿಕ್ಕಪ್ಪ 30 ವರ್ಷ ಒಂದೇ ಇಲಾಖೆಯಲ್ಲಿ ದುಡಿದು ರಿಟೈರ್ ಆದವರು, ಅವರ ಮಾತಿಗೆ ಒಂದು ಮರ್ಯಾದೆ ಇದೆ. ನನ್ನ ಎದೆಗೆ ನಾಟಿದ್ದು ತಮ್ಮನ ನಾಚಿಕೆ. ಅವನನ್ನು ಅಲ್ಲಿ ಹಿಡಿದಿದ್ದು ಬಾಂಡ್ ಅಲ್ಲ, ಆ ನಾಚಿಕೆ. ನಿನ್ನ ಓದಿನ ದಾಖಲೆಯನ್ನು ಒತ್ತೆ ಇಟ್ಟುಕೊಂಡವರಿಗೆ ಇಲ್ಲದ ನಾಚಿಕೆ ನಿನಗೆ ಯಾಕೋ ಅಂತ ಕೇಳಿದೆ. ಬಾಂಡ್ ಅನ್ನೋದೇ ತಪ್ಪಾ ಹಾಗಾದರೆ ಅಂತ ಅವನು ತಿರುಗಿಸಿ ಕೇಳಿದ. ಒಳ್ಳೇ ಪ್ರಶ್ನೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತು. ನಮ್ಮ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಕರಗಿಹೋದ ವಿಜಯಾ ಬ್ಯಾಂಕಿನ ಕೇಸು. ಮೂರು ವರ್ಷ ಆಗೋ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅಂತ ಷರತ್ತು. 2009ರಲ್ಲಿ ಅಧಿಕಾರಿಯೊಬ್ಬರು ಆಕ್ಷೇಪಣೆ ಸಲ್ಲಿಸಿ ದುಡ್ಡು ಕಟ್ಟಿ ಹೊರಟರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು, ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ. ಸಿದ್ಧ ನಮೂನೆಯ ಒಪ್ಪಂದಗಳಲ್ಲಿ ಕೆಲಸಗಾರನ ಕೈ ಮೇಲಾಗಿರಲ್ಲ ಅನ್ನೋದನ್ನು ಕೋರ್ಟ್ ಚರ್ಚಿಸಿತು. ಆದರೂ ಸಾರ್ವಜನಿಕ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸೋ ಖರ್ಚು ನಿಜ, ಆ ಹುದ್ದೆಯ ಸಂಬಳಕ್ಕೆ ಆ ಮೊತ್ತ ವಿಪರೀತ ಅಲ್ಲ ಅಂತು. ಬಹಳ ಜನ ಫ್ರೆಂಡ್ಸ್ ಇದನ್ನು ಉದ್ಯೋಗಿಗಳ ಸೋಲು ಅಂತ ಓದಿಕೊಂಡರು. ನಾನು ಹಾಗೆ ಓದಲ್ಲ. ಆ ಒಪ್ಪಂದದಲ್ಲಿ ಒಂದು ಬಾಗಿಲಿತ್ತು, ಬಾಗಿಲ ಮೇಲೆ ಬೆಲೆ ಬರೆದಿತ್ತು. ಬೆಲೆ ಕಟ್ಟಿದ ಮೇಲೆ ಆ ಅಧಿಕಾರಿ ಇನ್ನೊಂದು ಬ್ಯಾಂಕಿನಲ್ಲಿ ಕೂತು ಕೆಲಸ ಮಾಡೋಕೆ ಯಾರೂ ಅಡ್ಡ ಬರಲಿಲ್ಲ. ಹೊರಗೆ ಹೋಗೋದು ದುಬಾರಿ ಆಗಬಹುದು. ಅಸಾಧ್ಯ ಆಗಬಾರದು. ಅಷ್ಟನ್ನೇ ನಾನು ತಮ್ಮನಿಗೂ ಹೇಳಿದ್ದು: ಬಾಂಡಿನ ದುಡ್ಡಿನ ಬಗ್ಗೆ ಮಾತಾಡು, ಕಟ್ಟಬೇಕಾದಷ್ಟು ಕಟ್ಟೋಣ, ಮಾರ್ಕ್ಸ್ ಕಾರ್ಡಿನ ಬಗ್ಗೆ ಚೌಕಾಸಿಯೇ ಬೇಡ, ಅದು ನಿನ್ನದು.

ಜಾರ್ಜ್ ಮೈಕಲ್‌ನ ಒಪ್ಪಂದದಲ್ಲಿ ಬೆಲೆ ಬರೆದ ಬಾಗಿಲು ಇರಲಿಲ್ಲ. ಮುಂದಿನ ಆಲ್ಬಮ್ ಬೇಕೋ ಬೇಡವೋ ಅನ್ನೋ ಆಯ್ಕೆ ಕಂಪನಿಯದು, ಕೊಡೋ ಕರ್ತವ್ಯ ಅವನದು. ತೀರ್ಪು ಬಂದ ಮೇಲೆ ಅವನ ಮುಂದೆ ಇದ್ದದ್ದು ಎರಡೇ ದಾರಿ: ಸೋನಿಗೆ ಹಾಡೋದು, ಇಲ್ಲವೇ ಆಲ್ಬಮ್ ಮಾಡದೇ ಸುಮ್ಮನಿರೋದು. ಅವನು ಸುಮ್ಮನಿದ್ದ. ಆ ವರ್ಷಗಳಲ್ಲಿ ಅವನ ಬದುಕಿನಲ್ಲಿ ಏನಾಗ್ತಿತ್ತು ಅಂತ ಕೋರ್ಟಿಗೂ ಗೊತ್ತಿರಲಿಲ್ಲ, ಪತ್ರಿಕೆಗಳಿಗೂ ಗೊತ್ತಿರಲಿಲ್ಲ. ಅವನು ಪ್ರೀತಿಸಿದ ಸಂಗಾತಿ 1993ರ ಮಾರ್ಚ್‌ನಲ್ಲಿ ಏಡ್ಸ್‌ಗೆ ಸಂಬಂಧಿಸಿದ ಕಾಯಿಲೆಯಿಂದ ತೀರಿಕೊಂಡಿದ್ದ. ತಾನು ಸಲಿಂಗಿ ಅಂತ ಜಾರ್ಜ್ ಲೋಕಕ್ಕೆ ಇನ್ನೂ ಹೇಳಿರಲಿಲ್ಲ, ಹಾಗಾಗಿ ಬಹಿರಂಗವಾಗಿ ಅಳೋ ಹಾಗೂ ಇರಲಿಲ್ಲ. ಮುಖ ತೋರಿಸು, ಪ್ರಚಾರಕ್ಕೆ ಬಾ ಅನ್ನೋ ಒಪ್ಪಂದದ ಮಾತುಗಳು ಅವನಿಗೆ ಹೇಗೆ ಕೇಳಿಸಿರಬಹುದು ಅಂತ ಈಗ ಊಹಿಸಬಹುದು. ಆ ಸಾವಿನ ಬಗ್ಗೆ ಅವನು ಬರೆದ ಹಾಡು ‘ಜೀಸಸ್ ಟು ಎ ಚೈಲ್ಡ್’. 1994ರ ನವೆಂಬರ್‌ನಲ್ಲಿ ಬರ್ಲಿನ್ನಿನ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಅದನ್ನು ಒಮ್ಮೆ ಹಾಡಿದ. ರೆಕಾರ್ಡ್ ಆಗಿ ಅಂಗಡಿಗೆ ಬಂದಿದ್ದು 1996ರ ಜನವರಿಗೆ. ಒಬ್ಬ ಮನುಷ್ಯ ತನ್ನ ಶೋಕಗೀತೆಯನ್ನು ಹೊರಗೆ ತರೋಕೆ ಎರಡು ಕಂಪನಿಗಳ ಲೆಕ್ಕ ಮುಗಿಯೋವರೆಗೆ ಕಾಯಬೇಕಾಯಿತು. ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ. ಹಾಗಾಗಿಯೇ ನನಗೆ ಇದು ಕಾನೂನಿನ ಪ್ರಶ್ನೆ ಅನ್ನಿಸಲ್ಲ.

ಅವನು ಹೊರಗೆ ಬಂದಿದ್ದು ಹೇಗೆ ಗೊತ್ತಾ? ಮೇಲ್ಮನವಿ ಹಾಕಿದ್ದ, ಅದು ವಿಚಾರಣೆಗೆ ಬರೋ ಮೊದಲೇ 1995ರಲ್ಲಿ ಡ್ರೀಮ್‌ವರ್ಕ್ಸ್ ಮತ್ತು ವರ್ಜಿನ್ ಕಂಪನಿಗಳು ಸೋನಿಗೆ ದುಡ್ಡು ಕೊಟ್ಟು ಅವನನ್ನು ಬಿಡಿಸಿಕೊಂಡವು. ನಮ್ಮ ಭಾಷೆಯಲ್ಲಿ ಹೇಳೋದಾದರೆ ನೋಟಿಸ್ ಪೀರಿಯಡ್ ಬೈಔಟ್. 90 ದಿನದ ನೋಟಿಸ್ ಅನ್ನು ಹೊಸ ಕಂಪನಿ ಕೊಂಡುಕೊಳ್ಳೋ ಹಾಗೆ, ಅವನ ಉಳಿದ ವರ್ಷಗಳನ್ನು ಇನ್ನಿಬ್ಬರು ಕೊಂಡರು. ಸ್ವಾತಂತ್ರ್ಯ ಬೇಕು ಅಂತ ಕೋರ್ಟಿಗೆ ಹೋದವನು ಕೊನೆಗೆ ಮಾರಾಟವಾಗಿ ಹೊರಗೆ ಬಂದ ಅಂತ ಯಾರಾದರೂ ಅಣಕಿಸಿದರೆ ಎದುರಾಡೋದು ಕಷ್ಟ. ಆದರೆ ಹೊಸ ಕಂಪನಿಗಳ ಜೊತೆ ‘ಓಲ್ಡರ್’ ಆಲ್ಬಮ್ ಬಂತು, ಆ ಶೋಕಗೀತೆಯೇ ಅದರ ಮೊದಲ ಹಾಡು.

ಕೆಲವು ವರ್ಷ ಕಳೆದ ಮೇಲೆ ಅವನು ಮತ್ತೆ ಸೋನಿಗೇ ಸೈನ್ ಮಾಡಿದ. 2004ರಲ್ಲಿ ಬಂದ ‘ಪೇಷನ್ಸ್’ ಆಲ್ಬಮ್ ಸೋನಿಯದ್ದೇ. ಇಷ್ಟಕ್ಕೆ ಅಷ್ಟೆಲ್ಲ ರಂಪ ಮಾಡಿದ್ನಾ ಅಂತ ಕೆಲವರು ನಕ್ಕರು. ನನಗೆ ಅದರಲ್ಲಿ ತಮಾಷೆ ಕಾಣಲ್ಲ. ವಾಪಸ್ ಸೈನ್ ಮಾಡಿದ್ದು 2003ರಲ್ಲಿ. ಹಳೇ ಒಪ್ಪಂದದ 15 ವರ್ಷ ಪೂರ್ತಿ ನಡೆದಿದ್ದರೆ ಮುಗಿಯುತ್ತಿದ್ದದ್ದೂ 2003ಕ್ಕೇ.